ತಾಳೆಯಾಗದ ಹಾಳೆಗಳು

ಮದುವೆಯಾಗಿ ತಿಪಟೂರಿಗೆ ಬಂದ ಮೇಲೆ ನನ್ನ ಸಮಾಜಶಾಸ್ತ್ರದ ಎಂ.ಎ. ಬೀರುವಿನ ಮೇಲಿನ ಖಾನೆಯಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಉಳಿದುಹೋಗಿತ್ತು. ಮಗಳು ಹಾಸ್ಟೆಲ್ಲು ಸೇರಿದ ವರ್ಷ, ಬೆಂಗಳೂರಿನಿಂದ ಬಂದ ಒಂದು ಸಂಶೋಧನಾ ತಂಡಕ್ಕೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರು ಬೇಕಂತೆ ಎಂದು ಪಕ್ಕದ ಮನೆಯಾಕೆ ಹೇಳಿದರು. ಹೋಗಿ ವಿಚಾರಿಸಿದೆ. ತೆಗೆದುಕೊಂಡೇಬಿಟ್ಟರು. ನಲವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ನನ್ನ ಕೊರಳಿಗೊಂದು ಗುರುತಿನ ಚೀಟಿ ಬಂತು. ಮನೆಯೊಳಗೆ ಬಂದ ಮೇಲೂ ಅದನ್ನು ತೆಗೆಯುವುದು ಮರೆಯುತ್ತಿದ್ದೆ.

ತಂಡಕ್ಕೆ ಬೇಕಾಗಿದ್ದದ್ದು ಪೊಲೀಸ್ ಠಾಣೆಯ ಪುಸ್ತಕಕ್ಕೆ ಹತ್ತದ ಅಪರಾಧಗಳು. ದೂರು ಕೊಟ್ಟವರೆಷ್ಟು ಎನ್ನುವುದು ಠಾಣೆಯಲ್ಲೇ ತಿಳಿಯುತ್ತದೆ. ಕೊಡದೆ ಸುಮ್ಮನಾದವರೆಷ್ಟು ಎಂದು ತಿಳಿಯಬೇಕಾದರೆ ಮನೆಬಾಗಿಲಿಗೆ ಹೋಗಬೇಕು. ತರಬೇತಿಯ ದಿನ ತಂಡದ ಮುಖ್ಯಸ್ಥೆ ಮೇಡಂ ಒಂದೇ ಮಾತನ್ನು ಮೂರು ಸಲ ಹೇಳಿದರು. "ಅಚ್ಚಾಗಿರೋ ಹಾಗೇ ಓದಿ. ಒಂದು ಪದಾನೂ ಬದಲಾಯಿಸಬೇಡಿ. ಹತ್ತು ಜನ ಹತ್ತು ರೀತಿ ಕೇಳಿದ್ರೆ, ಬಂದ ಉತ್ತರಗಳನ್ನ ಪಕ್ಕಪಕ್ಕ ಇಟ್ಟು ನೋಡೋಕಾಗಲ್ಲ." ನಾನು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದೆ.

ಕಳ್ಳತನದ ಪ್ರಶ್ನೆ ಹೀಗಿತ್ತು: "ಕಳೆದ ಹನ್ನೆರಡು ತಿಂಗಳುಗಳಲ್ಲಿ ನಿಮ್ಮ ಕುಟುಂಬದ ಯಾವುದೇ ಸ್ವತ್ತು ಕಳ್ಳತನಕ್ಕೆ ಒಳಗಾಗಿದೆಯೇ?"

ನೊಣವಿನಕೆರೆ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದವು. ಮೊದಲ ಮೂರು ದಿನ ಎಲ್ಲರೂ ಇಲ್ಲ ಎಂದರು. ನಾಲ್ಕನೆಯ ದಿನ ಒಬ್ಬ ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅವರೂ ಇಲ್ಲ ಎಂದರು. ಹಾಳೆ ಮಡಚಿಕೊಂಡು ಏಳುವ ಹೊತ್ತಿಗೆ, "ತಗೊಂಡೋಗವ್ವ ಅಂತ ಎರಡು ತೆಂಗಿನ್ಕಾಯಿ ಕೊಡಾನ ಅಂದ್ರೆ ಈ ಸಲ ಕಾಯೇ ಇಲ್ಲ. ಬಾವಿ ಪಕ್ಕದ ಸಾಲು ಪೂರ್ತಿ ಯಾವನೋ ಕೆಡವ್ಕಂಡು ಹೋದ" ಎಂದರು.

"ಅಜ್ಜಿ, ಕಳ್ಳತನ ಆಗಿಲ್ಲ ಅಂದ್ರಲ್ಲ?"

"ಅದು ಕಾಯಿ ಹೋಗಿದ್ದು ಕಣವ್ವ. ಕಳ್ತನ ಅಂದ್ರೆ ಮನೆಗೆ ನುಗ್ಗಿ ಒಡವೆ ಹೊಡ್ಕಂಡು ಹೋಗದು. ನಮ್ಮನೇಲಿ ಅಂತಾದ್ದೆಲ್ಲ ಆಗಿಲ್ಲ ಬುಡು." ಅವರ ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತು, ಮನೆಯ ಮರ್ಯಾದೆಗೆ ನಾನೇನೋ ಅಂದೆನೇನೋ ಎಂಬಂತೆ.

ಬಸ್ಸಿಗೆ ಕಾಯುತ್ತಾ ಯೋಚಿಸಿದೆ. ಹಿಂದಿನ ಮೂರು ದಿನ ಇಲ್ಲ ಎಂದವರೆಲ್ಲರೂ ಇದೇ ಅರ್ಥದಲ್ಲಿ ಇಲ್ಲ ಎಂದಿದ್ದರೆ? ಮಾರನೆಯ ದಿನದಿಂದ ಅಚ್ಚಾದ ಪ್ರಶ್ನೆ ಓದುವುದನ್ನು ಬಿಟ್ಟೆ. "ಕಾಯಿ, ಕೇಬಲ್ಲು, ಏನಾದ್ರೂ ಹೋಯ್ತಾ?" ಎಂದು, ಮನೆಗೆ ತಕ್ಕಂತೆ ಮಾತು ಬದಲಿಸಿ ಕೇಳತೊಡಗಿದೆ. ಜನ ಹೇಳುತ್ತಲೇ ಹೋದರು. ತೋಟದ ಕಾಯಿ, ಬೋರ್‌ವೆಲ್ಲಿನ ಕೇಬಲ್ಲು, ಅಟ್ಟದ ಮೇಲೆ ಒಣಗಲು ಬಿಟ್ಟಿದ್ದ ಕೊಬ್ಬರಿ. ಅಜ್ಜಿಯ ಮನೆಗೂ ಮತ್ತೊಮ್ಮೆ ಹೋಗಿ ಕೇಳಿ, ಹಾಳೆ ತಿದ್ದಿದೆ. ನನಗೆ ಖುಷಿಯೋ ಖುಷಿ. ಈ ಬದಲಾವಣೆಯನ್ನು ಯಾರಿಗಾದರೂ ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಎರಡು ವಾರ ಕಳೆದ ಮೇಲೆ ಮೇಡಂ ಫೋನ್ ಮಾಡಿದರು. ನಾವು ಹೋಗಿ ಬಂದ ಕೆಲವು ಮನೆಗಳಿಗೆ ತಂಡದ ಇನ್ನೊಬ್ಬರು ಹೋಗಿ ಅದೇ ಪ್ರಶ್ನೆ ಕೇಳಿ ಪರೀಕ್ಷಿಸುವುದು ಕ್ರಮ. "ನಿಮ್ಮ ಹಾಳೆಗಳು ತಾಳೆಯಾಗ್ತಿಲ್ಲ. ನಾಳೆ ಆಫೀಸಿಗೆ ಬನ್ನಿ" ಎಂದಷ್ಟೇ ಹೇಳಿದರು.

ಮನೆಯಲ್ಲೇ ಕೂತು ಫಾರಂ ತುಂಬುವವರ ಕಥೆಗಳನ್ನು ತರಬೇತಿಯಲ್ಲೇ ಕೇಳಿದ್ದೆ. ಈಗ ಆ ಸಾಲಿಗೆ ನನ್ನನ್ನೂ ಸೇರಿಸಿದ್ದಾರೆ ಎನಿಸಿತು. ಹಿಟ್ಟಿನ ಗಿರಣಿಯಿಂದ ಊಟಕ್ಕೆ ಬಂದ ಗಂಡನ ಮುಂದೆ ಹೇಳಿಕೊಂಡು ಅತ್ತೆ.

"ನೀನು ಆ ಮನೆಗಳಿಗೆ ಹೋಗಿದ್ದೆ ತಾನೇ?"

"ಹೋಗಿದ್ದೆ ಕಣ್ರೀ. ಆದ್ರೆ ಅವರು ಹೇಳಿದ ಹಾಗೆ ಕೇಳಲಿಲ್ಲ."

"ಅದನ್ನೇ ಹೇಳು. ಅಳೋದು ಬುಡು, ಅನ್ನ ಆರ್ತದೆ."

ಆಫೀಸೆಂದರೆ ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಬಾಡಿಗೆಗೆ ಹಿಡಿದ ಒಂದು ಕೋಣೆ. ಮೇಡಂ ಜೊತೆ, ನನ್ನ ಮನೆಗಳನ್ನು ಪರೀಕ್ಷಿಸಿದ ಮೂವತ್ತರ ಆಸುಪಾಸಿನ ಸಂಶೋಧಕರೂ ಕೂತಿದ್ದರು. ನಾನು ಹೌದೆಂದು ಬರೆದ ಮನೆಗಳಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ಎಲ್ಲ ಕಡೆಯೂ ಇಲ್ಲ ಎಂಬ ಉತ್ತರ. ನಾನು ಕುಳಿತುಕೊಳ್ಳುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಅಜ್ಜಿಯ ಮಾತು, ಪ್ರಶ್ನೆ ಬದಲಿಸಿದ್ದು, ಹಾಳೆ ತಿದ್ದಿದ್ದು. ಮೇಡಂ ಬೈಯುತ್ತಾರೆಂದು ಕಾದೆ. ಅವರು ನನ್ನ ಹಾಳೆಗಳನ್ನು ಬದಿಗಿಟ್ಟು, "ಆ ಅಜ್ಜಿ ಮನೆಗೆ ಮೂರೂ ಜನ ಹೋಗೋಣ" ಎಂದರು.

ಮರುದಿನ ಬೆಳಿಗ್ಗೆ ಹೋದೆವು. ಅಜ್ಜಿಗೆ ವಿಷಯ ತಿಳಿಸಿ, ಒಪ್ಪಿಗೆ ಕೇಳಿದೆವು. "ಕೇಳ್ರಪ್ಪ, ನನಗೇನು ಕೆಲಸ" ಎಂದು ನಕ್ಕರು. ಮೊದಲು ಸಂಶೋಧಕರು ಅಚ್ಚಾದ ಪ್ರಶ್ನೆ ಓದಿದರು.

"ಅವತ್ತೇ ಹೇಳಿದ್ನಲ್ಲ ಕಣಪ್ಪ, ಇಲ್ಲ ಅಂತ."

ಮೇಡಂ ನನ್ನ ಕಡೆ ನೋಡಿದರು. ನಾನು ನನ್ನ ರೀತಿಯಲ್ಲಿ ಕೇಳಿದೆ.

"ಹೂಂ, ಬಾವಿ ಪಕ್ಕದ ಸಾಲಿನ ಕಾಯಿ ಹೋಯ್ತು. ಮೋಟರ್ ಕೇಬಲ್ಲೂ ಕುಯ್ಕಂಡು ಹೋದ್ರು."

ನನ್ನ ಎದೆಯ ಮೇಲಿಂದ ಚಪ್ಪಡಿಕಲ್ಲು ಇಳಿದ ಹಾಗಾಯಿತು. ಸಂಶೋಧಕರು ಹಾಳೆಯನ್ನೂ ಅಜ್ಜಿಯನ್ನೂ ತಿರುತಿರುಗಿ ನೋಡಿದರು. ಅಷ್ಟರಲ್ಲಿ ಮೇಡಂ ಅಜ್ಜಿಯ ಪಕ್ಕ ಕೂತು, "ಯಾವಾಗಜ್ಜಿ ಇದೆಲ್ಲ?" ಎಂದರು.

"ಎರಡೂ ಹೋದ ವರ್ಷ."

ಬಾಗಿಲಲ್ಲಿ ನಿಂತಿದ್ದ ಸೊಸೆ, "ಕಾಯಿ ಹೋಗಿದ್ದು ಹೌದತ್ತೆ, ಗೌರಿ ಹಬ್ಬ ಆದ್ಮೇಲೆ. ಕೇಬಲ್ಲು ಹೋದಾಗ ನಮ್ಮ ಪಾಪು ಇನ್ನೂ ಹೊಟ್ಟೇಲಿತ್ತಲ್ಲ? ಈಗ ಅದು ಅಂಗನವಾಡಿಗೆ ಹೋಯ್ತದೆ" ಎಂದರು.

"ಅಯ್ಯೋ ಹೌದಲ್ಲ! ನಿನ್ನೆ ಮೊನ್ನೆ ಆದಂಗದೆ" ಎಂದು ಅಜ್ಜಿ ಕೆನ್ನೆ ಮುಟ್ಟಿಕೊಂಡರು.

ನಾನು ಎರಡನ್ನೂ ಹೋದ ವರ್ಷದ್ದೆಂದೇ ಬರೆದಿದ್ದೆ. ಯಾವಾಗ ಎಂದು ಕೆದಕಿ ಕೇಳಿರಲಿಲ್ಲ. ನನ್ನ ಖುಷಿಯ ಹಾಳೆಗಳಲ್ಲಿ ಇಂಥ ಹಳೆಯ ಕೇಬಲ್ಲುಗಳು ಎಷ್ಟು ಸೇರಿಕೊಂಡಿವೆಯೋ ಎಂದು ನಾಚಿಕೆಯಾಯಿತು.

ವಾಪಸ್ಸು ಬಸ್ಸಿನವರೆಗೆ ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ನಡೆಯುವಾಗ ಮೇಡಂ ಬಿಡಿಸಿ ಹೇಳಿದರು. "ನಮ್ಮ ಪ್ರಶ್ನೆ ಯಾರು ಕೇಳಿದ್ರೂ ಒಂದೇ ಉತ್ತರ ಕೊಡ್ತಿತ್ತು. ನೋಡೋಕೆ ಗಟ್ಟಿಯಾಗಿತ್ತು. ಆದ್ರೆ ನಮಗೆ ತಿಳೀಬೇಕಾದ್ದನ್ನ ಅದು ಕೇಳ್ತಾನೇ ಇರ್ಲಿಲ್ಲ. ನಿಮ್ಮ ಪ್ರಶ್ನೆ ಅದನ್ನ ಕೇಳ್ತು. ಆದ್ರೆ ಹಾಗೆ ಕೇಳ್ತಿರೋದು ನೀವೊಬ್ರೇ, ಅದೂ ಒಂದೊಂದು ಮನೇಲಿ ಒಂದೊಂದು ಥರ. ನೀವು ಸುಳ್ಳು ಬರೆದಿಲ್ಲ ಅಂತ ನನಗೀಗ ಗೊತ್ತು. ಆದ್ರೂ ಆ ಹಾಳೆಗಳು ನಮ್ಮ ಕೆಲಸಕ್ಕೆ ಬರಲ್ಲ."

ಎರಡು ವಾರದ ಓಡಾಟ ಅಲ್ಲಿಗೆ ವ್ಯರ್ಥವಾಯಿತು. ಬೇಸರವಾಗಬೇಕಿತ್ತು. ನನಗೆ ಮಾತ್ರ ಅವರ ಮಾತಿನಲ್ಲಿ ಕೇಳಿಸಿದ್ದು ಒಂದೇ: ಸುಳ್ಳು ಬರೆದಿಲ್ಲ. ಬಸ್ಸಿನಲ್ಲಿ ಜಾಗ ಸಿಗದೆ ಕಂಬ ಹಿಡಿದು ನಿಂತಿದ್ದರೂ ಮೈ ಹಗುರಾಗಿತ್ತು.

ಒಂದು ವಾರ ಕೆಲಸ ನಿಲ್ಲಿಸಿ ಪ್ರಶ್ನೆಗಳನ್ನು ಹೊಸದಾಗಿ ಬರೆದರು. ನನ್ನನ್ನೂ ಕೂರಿಸಿಕೊಂಡರು. ಒಂದು ಪ್ರಶ್ನೆಯ ಜಾಗದಲ್ಲಿ ನಾಲ್ಕು ಬಂದವು: ತೋಟದ್ದು, ಮೋಟರಿನದ್ದು, ಅಟ್ಟದ್ದು, ಮನೆಯೊಳಗಿನದ್ದು. ಎಲ್ಲವೂ "ಹೋದ ಯುಗಾದಿಯಿಂದ ಈಚೆಗೆ" ಎಂದೇ ಶುರುವಾಗುತ್ತಿದ್ದವು. ನಾನು ಅವೇ ಮನೆಗಳಿಗೆ ಮತ್ತೆ ಹೋದೆ. "ಇವಳ್ಯಾಕೆ ಮೂರು ಹೊತ್ತೂ ಬತ್ತಾಳೆ" ಎಂದು ಒಬ್ಬರು ಎದುರಿಗೇ ಗೊಣಗಿದರು. ಈ ಸಲ ಒಂದಕ್ಷರವೂ ಆಚೀಚೆ ಆಗದ ಹಾಗೆ ಓದಿದೆ. ನಾಲಿಗೆ ತುದಿಗೆ ಬಂದ ಮಾತನ್ನು ಎಷ್ಟೋ ಸಲ ನುಂಗಿಕೊಂಡೆ.

ಮರುಪರೀಕ್ಷೆಗೆ ಅದೇ ಸಂಶೋಧಕರು ಹೋದರು. ಮುಗಿಸಿಕೊಂಡು ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರು ಟೀ ಕುಡಿಯೋಣ ಬನ್ನಿ ಎಂದು ಕರೆದರು.

"ಎರಡು ಮನೆ ಬಿಟ್ಟು ಎಲ್ಲ ತಾಳೆ ಆಗಿದೆ ಅಕ್ಕ. ಒಂದು ಮನೇಲಿ ನಿಮಗೆ ಹೇಳಿದ್ದು ಅಣ್ಣ, ನನಗೆ ಸಿಕ್ಕಿದ್ದು ತಮ್ಮ. ಇನ್ನೊಂದು ಯಾಕೆ ಅಂತ ಗೊತ್ತಾಗ್ಲಿಲ್ಲ." ಲೋಟ ಕೆಳಗಿಟ್ಟರು. "ಮೊದಲ ಸಲ ನಿಮ್ಮ ಹೆಸರಿನ ಮುಂದೆ ಅನುಮಾನ ಅಂತ ನಾನೇ ಬರೆದಿದ್ದೆ. ಬೇಜಾರು ಮಾಡ್ಕೋಬೇಡಿ."

"ಬರೀಬೇಕಾದ್ದೇ ಅಲ್ವಾ? ನಿಮ್ಮ ಜಾಗದಲ್ಲಿ ನಾನಿದ್ದಿದ್ರೂ ಬರೀತಿದ್ದೆ" ಎಂದೆ. ನಿಜವಾಗಿಯೂ ಹಾಗೇ ಅನಿಸಿತ್ತು.

ಅವರು ಅರಸೀಕೆರೆ ಬಸ್ಸು ಹತ್ತಿದರು. ನಾನು ಸಂತೆಪೇಟೆ ಕಡೆಯಿಂದ ನಿಧಾನವಾಗಿ ನಡೆದು ಮನೆಗೆ ಬಂದು, ಕಿಟಕಿ ತೆಗೆದಿಟ್ಟು, ಚಾಪೆ ಹಾಸಿ ಮಲಗಿದೆ. ಎದ್ದಾಗ ಸಂಜೆಯಾಗಿತ್ತು. ಎಷ್ಟೋ ದಿನಗಳ ನಂತರ ಬಂದ ನಿದ್ದೆ ಅದು.