ದೋಣಿಯ ಕೆಂಪು ತಳ

ಕುಮಟೆಯಲ್ಲಿ ನನ್ನ ಕೆಲಸದ ಕೋಣೆಯ ಕೆಳಗೆ ಗೇಟು, ಗ್ರಿಲ್ಲು ಮಾಡುವ ಅಂಗಡಿಯಿದೆ. ಮೊನ್ನೆ ಬೆಳಿಗ್ಗೆ ಅಲ್ಲಿ ಕೆಂಪು ಬಣ್ಣದ ಡಬ್ಬ ತೆರೆದರು. ಸೀಮೆಎಣ್ಣೆ ಬೆರೆತ ಆ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬಂತು. ನಾನು ಕಂಪ್ಯೂಟರಿನಲ್ಲಿ ಯಾರದೋ ಮದುವೆ ವಿಡಿಯೋಕ್ಕಾಗಿ ಆನೆಯೊಂದನ್ನು ನಡೆಸುತ್ತಿದ್ದೆ. ಆನೆ ಒಂದು ಕಾಲೆತ್ತಿಕೊಂಡು ಅಲ್ಲೇ ನಿಂತಿತು. ಕಿಟಕಿ ಮುಚ್ಚಿದರೂ ವಾಸನೆ ಹೋಗಲಿಲ್ಲ...

ನನ್ನ ಊರು ಬೆಳಕೆಯಲ್ಲಿ ನಮ್ಮ ಪಕ್ಕದ ಮನೆಯವರು ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದರು. ಕೇರಿಗೆಲ್ಲ ಅವರು ಬಣ್ಣದಣ್ಣ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆಗಿ ದೋಣಿಗಳು ದಡದ ಚಪ್ಪರ ಸೇರಿದ ಮೇಲೆ ಅವರ ಕೆಲಸ ಶುರುವಾಗುತ್ತಿತ್ತು. ಹೆಸರು, ನಂಬರು, ಹೂಬಳ್ಳಿ ಎಲ್ಲ ಅಚ್ಚುಕಟ್ಟು. ನೀರಿನಲ್ಲಿ ಮುಳುಗುವ ತಳಕ್ಕೆ ಮಾತ್ರ ಬರೀ ಕೆಂಪು. ಅದನ್ನು ಬಳಿಯುವಾಗ ದೋಣಿಯಡಿ ಗೋಣಿ ಹಾಸಿ ಅಂಗಾತ ಮಲಗಿ, ಎರಡೂ ಕಣ್ಣು ಮುಚ್ಚಿಕೊಂಡು ಬ್ರಷ್ ಆಡಿಸುತ್ತಿದ್ದರು. ಆದರೂ ಎಲ್ಲೂ ಒಂದು ಬೆರಳಗಲ ಬಿಟ್ಟುಹೋಗುತ್ತಿರಲಿಲ್ಲ. ನಾವು ಮಕ್ಕಳು ಬಗ್ಗಿ ನೋಡಿ ನಗುತ್ತಿದ್ದೆವು. ಎಂತಕ್ಕೆ ಕಣ್ಣು ಮುಚ್ಚೂದು ಎಂದು ಕೇಳಿದರೆ, "ಬಣ್ಣ ಬೀಳ್ತದೆ ತಂಗಿ," ಎನ್ನುತ್ತಿದ್ದರು. ನಾನು ನಂಬಿದ್ದೆ.

ಹೊನ್ನಾವರದ ಒಂದು ಕ್ಲಾಸಿನಲ್ಲಿ ಅನಿಮೇಶನ್ ಕಲಿತ ಹೊಸತರಲ್ಲಿ ಮನೆಯ ಜಗಲಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ದೋಣಿಯೊಂದನ್ನು ತೇಲಿಸಿ ತೋರಿಸಿದ್ದೆ. ಎಲ್ಲರೂ ನೋಡಿ ಹೋದ ಮೇಲೂ ಅವರು ನಿಂತೇ ಇದ್ದರು. "ಬರೆದಿಟ್ಟ ಚಿತ್ರವನ್ನೂ ಹೀಂಗೇ ಅಲುಗಾಡ್ಸೂಕೆ ಆಗ್ತದ?" ಎಂದು ಕೇಳಿದರು. ಆಗ್ತದೆ ಎಂದೆ. ಮರುದಿನ ಒಂದು ಪ್ಲೈವುಡ್ ಹಲಗೆಯನ್ನು ಹಳೇ ಲುಂಗಿಯಲ್ಲಿ ಸುತ್ತಿ ತಂದುಕೊಟ್ಟರು.

ದೋಣಿಗೆ ಬಳಿದು ಉಳಿದ ಬಣ್ಣದಲ್ಲೇ ಬರೆದ ಚಿತ್ರ. ಮೇಲೆ, ಆಕಾಶವಿರಬೇಕಾದಲ್ಲಿ, ಒಂದು ದೋಣಿಯ ಕೆಂಪು ತಳ. ಸುತ್ತ ಮಂಕು ಹಸಿರು. ನಡುವೆ ಗೋಡೆಯಿಲ್ಲದೆ ನಿಂತ ಒಂದು ಬಾಗಿಲು, ಅದರ ಪಕ್ಕದಲ್ಲಿ ಹಕ್ಕಿಗಳ ಹಾಗೆ ಹಾರುವ ಬಂಗಡೆ ಮೀನು, ರೆಕ್ಕೆ ಬಿಚ್ಚಿದ ಒಂದು ಲುಂಗಿ. ಕೆಳಗಿನ ಮೂಲೆಯಲ್ಲಿ ಮೊಣಕೈವರೆಗೆ ಒಂದು ಕೈ, ಬೆರಳು ಬಿಡಿಸಿಕೊಂಡು. ಇದೆಂತ ಎಂದು ಕೇಳಿದೆ. "ಎಂತದೂ ಅಲ್ಲ, ಉಳಿದ ಬಣ್ಣ," ಎಂದರು. ಇಂಥದ್ದಕ್ಕೆ ಸರ್ರಿಯಲಿಸಂ ಎನ್ನುತ್ತಾರೆ, ಕನಸಿನ ಚಿತ್ರ, ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಅಷ್ಟು ದೊಡ್ಡ ಪದ ಗೊತ್ತಿದ್ದ ಮೇಲೆ ನಾನು ಮತ್ತೇನೂ ಕೇಳಲಿಲ್ಲ.

ಹಲಗೆ ನನ್ನ ಕಪಾಟಿನ ಹಿಂದೆ ಸೇರಿತು. ಊರಿಗೆ ಹೋದಾಗಲೆಲ್ಲ ಅವರು ಬೇಲಿಯ ಆಚೆಯಿಂದ, "ಅದು ಅಲುಗಾಡ್ತಾ?" ಎನ್ನುವರು. ಈ ಮಳೆಗಾಲ ಕಳೀಲಿ ಅಣ್ಣ ಎಂದು ನಾನು. ಎಷ್ಟು ಮಳೆಗಾಲಕ್ಕೆ ಹಾಗೆಂದೆನೋ... ಆಮೇಲೆ ಅವರು ಕೇಳುವುದನ್ನು ಬಿಟ್ಟರು. ಕೇಳದಿದ್ದದ್ದು ನನಗೆ ಹಗುರವೇ ಆಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಅವರು ಕೆಮ್ಮು ಹೆಚ್ಚಾಗಿ ತೀರಿಕೊಂಡಾಗಲೂ ಹಲಗೆಗೆ ಸುತ್ತಿದ ಲುಂಗಿಯ ಗಂಟು ಹಾಗೇ ಇತ್ತು.

ಅದನ್ನು ಬಿಚ್ಚಿದ್ದು ಮುರ್ಡೇಶ್ವರದ ಒಂದು ಹೋಟೆಲಿನವರು ಹೊಸ ಲಾಬಿಯ ದೊಡ್ಡ ಟಿವಿ ಪರದೆಗೆ ಏನಾದರೂ ವಿಚಿತ್ರವಾದದ್ದು ಬೇಕು ಎಂದಾಗ. ಒಂದು ತಿಂಗಳು ಕೂತು ಮಾಡಿದೆ. ಹಸಿರು ಮಂಕಾಗಿ ಕಂಡಿತು. ನೀಲಿ ಮುಗಿದಿತ್ತೇನೋ ಪಾಪ ಎಂದು ಆಕಾಶಕ್ಕೆ ಒಳ್ಳೆಯ ನೀಲಿ ಕೊಟ್ಟೆ, ಮೋಡ ಸೇರಿಸಿದೆ. ದೋಣಿ ಮೋಡದ ಮೇಲೆ ತೊನೆಯಿತು. ಬಾಗಿಲು ತೆರೆಯಿತು, ಬಂಗಡೆಗಳು ಅದರೊಳಗೆ ಸಾಲಾಗಿ ಹಾರಿದವು. ಮೂಲೆಯ ಕೈಗೂ ಏನಾದರೂ ಕೆಲಸ ಬೇಕಲ್ಲ, ಬೀಳ್ಕೊಡುವವರ ಹಾಗೆ ಅತ್ತಿತ್ತ ಬೀಸಿಸಿದೆ. ಎಲ್ಲರೂ ಹೊಗಳಿದರು. ಬಣ್ಣದಣ್ಣನ ಹೆಂಡತಿ ಅಕ್ಕನನ್ನು ನಾನೇ ಬಸ್ಸಿನಲ್ಲಿ ಕೂರಿಸಿಕೊಂಡು ತೋರಿಸಲು ಕರೆದೊಯ್ದೆ, ಉಪಕಾರ ಮಾಡುವವಳ ಠೀವಿಯಲ್ಲಿ.

ಅಕ್ಕ ಪರದೆಯ ಮುಂದೆ ನಿಂತರು. ಯಾರೋ ಪ್ರವಾಸಿಗರ ಪುಟ್ಟ ಮಗು ಆ ಕೈಗೆ ತಿರುಗಿ ಕೈ ಬೀಸುತ್ತಿತ್ತು. ಅಕ್ಕ ಸೆರಗು ಬಾಯಿಗೊತ್ತಿ ಹೊರಗೆ ನಡೆದುಬಿಟ್ಟರು. ಹಿಂದೆ ಓಡಿದೆ. ಮೆಟ್ಟಿಲ ಮೇಲೆ ಕೂತು ಹೇಳಿದರು.

"ಅದು ಆಕಾಶ ಅಲ್ಲ ತಂಗಿ. ಅವ್ರು ನೀರಡಿಗಿಂದ ನೋಡಿದ್ದು."

ಬಣ್ಣದಣ್ಣನಿಗೊಬ್ಬ ತಮ್ಮನಿದ್ದ, ಸಮುದ್ರಕ್ಕೆ ಹೋದವ ತಿರುಗಿ ಬರಲಿಲ್ಲ ಎನ್ನುವುದು ನನಗೂ ಗೊತ್ತಿತ್ತು. ನಾನು ಹುಟ್ಟುವ ಮೊದಲಿನ ಮಾತು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ವಾಲಿ ಅಣ್ಣ ತಮ್ಮ ಇಬ್ಬರೂ ಹೊರಗೆ ಬಿದ್ದರಂತೆ, ಹಿಡಿದ ಮೀನೂ, ಮೀನಿನ ಖಾನೆಯ ಮರದ ಮುಚ್ಚಳವೂ ಜೊತೆಗೆ. ದೋಣಿ ಮತ್ತೆ ನೆಟ್ಟಗಾಗಿ ಮೇಲೆ ನಿಂತಿತು. ಬಣ್ಣದಣ್ಣ ಆ ಮುಚ್ಚಳ, ನಾನು ಬಾಗಿಲು ಎಂದುಕೊಂಡದ್ದು, ಹಿಡಿದು ಮೇಲೆದ್ದರು. ಏಳುವಾಗ ಕೆಳಗೆ ನೋಡಿದರೆ ತಮ್ಮನ ಲುಂಗಿ ಕಳಚಿ ತೇಲುತ್ತಿತ್ತು, ಅದರ ಕೆಳಗೆ ಅವನ ಕೈ... ಒಂದು ಕೈಯಲ್ಲಿ ಮುಚ್ಚಳ ಬಿಡದೆ ಇನ್ನೊಂದನ್ನು ಚಾಚಿದರಂತೆ. ಎಟುಕಲಿಲ್ಲ.

"ಹಲಗೆ ಮೇಲೆ ಆ ಕೈ ನಿಂತೇಬಿಟ್ಟಿತ್ತು. ನಿನ್ನ ಕಂಪೂಟರಲ್ಲಾದ್ರೂ ಮೇಲೆ ಬರ್ಲಿ ಅಂದೇಳಿ ಕೊಟ್ಟಿದ್ರು. ಬಿಡಿಸಿ ಹೇಳೂಕೆ ನಾಚಿಕೆ ಅವ್ರಿಗೆ," ಎಂದರು ಅಕ್ಕ.

ಬೇರೆ ಊರಿನವರು ಈ ತಪ್ಪು ಮಾಡಿದ್ದರೆ ಹೋಗಲಿ ಎನ್ನಬಹುದಿತ್ತು. ನಾನು ಕಡಲ ದಡದಲ್ಲಿ ಬೆಳೆದವಳು. ತೇಲುವ ದೋಣಿಯ ಇಡೀ ಕೆಂಪು ಯಾರಿಗೆ ಕಾಣುತ್ತದೆ, ನೀರೊಳಗೆ ಕಣ್ಣು ಬಿಟ್ಟರೆ ಯಾವ ಬಣ್ಣ ಎಂಬುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ದೋಣಿಯಡಿ ಮಲಗಿ ಕಣ್ಣು ಮುಚ್ಚಿಕೊಂಡವರನ್ನು ನೋಡಿ ನಕ್ಕವಳೂ ನಾನೇ. ಈಗ ಅದು ನೆನಪಾದಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬದಲಾಯಿಸಿ ಕೊಡುತ್ತೇನೆ ಎಂದು ಹೋಟೆಲಿಗೆ ಮೂರು ಸಲ ಹೋದೆ. "ಎಂತಕ್ಕೆ ಮೇಡಂ? ಮಕ್ಕಳಿಗೆ ಅದೇ ಖುಷಿ," ಎಂದರು ಮ್ಯಾನೇಜರ್. ಮಾರಿಕೊಂಡದ್ದರ ಮೇಲೆ ನನ್ನ ಮಾತು ನಡೆಯಲಿಲ್ಲ.

ಮೊನ್ನೆ ಆ ವಾಸನೆಯಲ್ಲಿ ಆನೆಯನ್ನು ಪಕ್ಕಕ್ಕಿಟ್ಟು ಹಳೆಯ ಫೈಲು ತೆರೆದೆ. ನೀಲಿ ಅಳಿಸಿ ಹಸಿರು ಹಾಕಿದೆ. ಮೇಲಿನಿಂದ ಇನ್ನೊಂದು ಕೈ ಇಳಿಸಿ, ಮೂಲೆಯ ಕೈಯನ್ನು ಹಿಡಿಸಿ, ದೋಣಿಯವರೆಗೆ ಎಳೆದೆ. ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಅಷ್ಟೇ ಕೆಲಸವಾಗಿತ್ತು ಅದು. ಬೆಳಕೆಗೆ ಫೋನು ಮಾಡಿ, ಕೈ ಮೇಲೆ ಬಂತು ಅಕ್ಕ, ತೋರಿಸೂಕೆ ಬರಲಾ ಎಂದೆ.

"ಬೇಡ ತಂಗಿ. ನೋಡುವವರು ಹೋದ್ರು," ಎಂದರು.

ಮುರ್ಡೇಶ್ವರದಲ್ಲಿ ಆ ಕೈ ಇವತ್ತೂ ಬೀಸುತ್ತಿದೆ.