ಗುಂಜಿಯ ನಿಂಬೆ, ತ್ರಿವೇಣಿಯ ಹಟ

ಬೆಳಗಾವಿಯ ಸದಾಶಿವನಗರದಲ್ಲಿ ನಮ್ಮದೊಂದು ಸಣ್ಣ ಸಸ್ಯರೋಗ ಪ್ರಯೋಗಾಲಯ. ಅಲ್ಲಿ ನಾನು ಡಾಕ್ಟರೇಟ್ ಪಡೆದ ದೊಡ್ಡ ಮನುಷ್ಯ. ತ್ರಿವೇಣಿ ಗಾಜಿನ ಸಾಮಾನು ತೊಳೆಯುತ್ತಲೇ ಕೆಲಸವನ್ನೆಲ್ಲ ಕಲಿತುಬಿಟ್ಟ ಸಹಾಯಕಿ. ಖಾನಾಪುರದಾಚೆಯ ಗುಂಜಿಯಿಂದ ದಿನಾ ರೈಲಿಗೆ ಬರುತ್ತಾಳೆ. ಕುರಿ ಕಾಯುವ ಮನೆಯವಳು, ಹಿಡಿದ ಹಟ ಬಿಡುವವಳಲ್ಲ.

ಗುಂಜಿಯಲ್ಲಿ ಕಜ್ಜಿ ರೋಗ ಬಂದು ಜನ ಮನೆಮನೆಯ ನಿಂಬೆಗಿಡಗಳನ್ನು ಕಡಿದು ಹಾಕಿದಾಗ, ಅವಳ ಅವ್ವ ಮಾಯಕ್ಕನ ಹಿತ್ತಲ ಗಿಡವೊಂದೇ ಹಸಿರಾಗಿ ಉಳಿದಿತ್ತು. ಅದಕ್ಕೆ ರೋಗ ತಡೆಯುವ ಶಕ್ತಿ ನಿಜವಾಗಿಯೂ ಇದ್ದರೆ ಊರಿಗೆಲ್ಲ ಸಸಿ ಹಂಚಬೇಕೆಂದು ತ್ರಿವೇಣಿಯ ಆಸೆ. ಟೊಂಗೆ ತಂದು ಹನ್ನೆರಡು ಕಸಿ ಗಿಡ ಮಾಡಿದಳು. ಎಲೆಗಳಿಗೆ ಸೂಜಿ ಚುಚ್ಚಿ, ರೋಗದ ಬ್ಯಾಕ್ಟೀರಿಯಾ ಹಾಕಿದಳು.

ಮೂರನೆಯ ದಿನಕ್ಕೇ ಚುಚ್ಚಿದಲ್ಲೆಲ್ಲ ಕಂದು ಚುಕ್ಕೆ. ಹೋಲಿಕೆಗೆಂದು ಹಾಗೆಯೇ ಚುಚ್ಚಿ ಪಕ್ಕದಲ್ಲಿಟ್ಟಿದ್ದ ಸಾಧಾರಣ ನಿಂಬೆಯಲ್ಲಿ ಇನ್ನೂ ಏನೂ ಕಾಣುತ್ತಿರಲಿಲ್ಲ.

"ನಿಮ್ಮವ್ವನ ಗಿಡಕ್ಕೂ ರೋಗ ಹತ್ತೇತಿ. ಎಲ್ಲಾ ತಗದು ಸುಟ್ಟಬಿಡು," ಎಂದೆ.

"ಹತ್ತು ದಿನಾ ಕೊಡ್ರಿ, ಶಶಿಧರ ಸರ್. ರೋಗ ಇಷ್ಟ ಲಗೂ ಬರೂದಿಲ್ರಿ. ನಮ್ಮವ್ವ ಕುರಿ ದಡ್ಡಿ ಸುತ್ತ ಹುಲ್ಲು ತಾನ ಸುಡ್ತಾಳ್ರಿ, ಅಡವಿ ಬೆಂಕಿ ಒಳಗ ಬರಬಾರದಂತ. ದೂರದಿಂದ ನೋಡಿದ ಮಂದಿ ದಡ್ಡಿಗೇ ಬೆಂಕಿ ಬಿತ್ತಂತ ಓಡಿ ಬರ್ತಾರ."

ನನಗೆ ಸಿಟ್ಟು ಬಂತು. ಕುರಿ ದಡ್ಡಿಯ ಪಾಠ ನನಗೆ! ಆದರೆ ಅವಳು ಗಿಡಗಳಿಗೆ ಅಡ್ಡ ನಿಂತಿದ್ದಳು, ಕದಲುವಂತಿರಲಿಲ್ಲ. ಹತ್ತು ದಿನ ಕೊಟ್ಟೆ.

ಹತ್ತನೆಯ ದಿನ ಸಾಧಾರಣ ನಿಂಬೆಯ ಎಲೆಗಳಲ್ಲಿ ಕಜ್ಜಿ ಉಬ್ಬಿ, ಸುತ್ತ ಹಳದಿ ಅಂಚು ಮೂಡಿತ್ತು. ಗುಂಜಿಯ ಗಿಡದ ಚುಕ್ಕೆಗಳು ಮಾತ್ರ ಸಾಸಿವೆ ಕಾಳಿನಷ್ಟೇ ಇದ್ದು ಒಣಗಿದ್ದವು. ಚುಚ್ಚಿದ ಮೊದಲ ದಿನವೇ, ಯಾರೂ ಹೇಳದೆ, ತ್ರಿವೇಣಿ ಎರಡೂ ಗಿಡಗಳ ಎಲೆಯ ಚೂರುಗಳನ್ನು ಫ್ರೀಜರಿನಲ್ಲಿಟ್ಟಿದ್ದಳು. ಅವನ್ನು ಪರೀಕ್ಷಿಸಿದಾಗ ಸಂಗತಿ ತಿಳಿಯಿತು. ಬ್ಯಾಕ್ಟೀರಿಯಾ ತನ್ನದೊಂದು ಪ್ರೋಟೀನನ್ನು ಎಲೆಯ ಜೀವಕೋಶಕ್ಕೆ ತೂರಿಸುತ್ತದೆ. ಸಾಧಾರಣ ನಿಂಬೆಯಲ್ಲಿ ಅದು ಗಿಡದ್ದೇ ಒಂದು ಜೀನನ್ನು ಎಬ್ಬಿಸುತ್ತದೆ. ಕೋಶಗಳು ಉಬ್ಬಿ ಒಡೆದು ರೋಗ ಹಬ್ಬುತ್ತದೆ. ಮಾಯಕ್ಕನ ಗಿಡದಲ್ಲಿ ಕಾವಲಿನ ಜೀನ್‌ಗಳು ಅಂದೇ ಎದ್ದಿದ್ದವು. ಚುಚ್ಚಿದ ಜಾಗದ ಕೋಶಗಳು ತಾವೇ ಸತ್ತು, ಬ್ಯಾಕ್ಟೀರಿಯಾ ಮುಂದೆ ಹೋಗದಂತೆ ತಡೆದಿದ್ದವು.

ಇದನ್ನು ನಾನು ಓದಿದ್ದೆ, ಪಾಠವನ್ನೂ ಮಾಡಿದ್ದೆ. ಕಣ್ಣೆದುರು ಬಂದಾಗ ಗುರುತು ಹತ್ತಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನಲ್ಲಿ ಆ ಮುಕ್ಕಾಲು ಎಲ್ಲಿತ್ತೋ! ಬಹಳ ನಾಚಿಕೆಯಾಯಿತು.

ಮಳೆಗಾಲಕ್ಕೆ ಹೊಸ ಕಸಿ ಸಸಿಗಳನ್ನು ಹೊತ್ತು ಗುಂಜಿಗೆ ಹೋದೆವು. ಮಾಯಕ್ಕ ಮಗಳ ಫೋನಿನಲ್ಲಿ ಚುಕ್ಕೆಯ ಫೋಟೋ ನೋಡಿ ಕೇಳಿದಳು: "ಇದನ್ನ ಸುಡಾಕ ಹೇಳಿದ್ರಂತ ಅಂದಿದ್ಯಲ್ಲ, ಯಾರವ್ರು?"

ತ್ರಿವೇಣಿ ನನ್ನ ಕಡೆ ತಿರುಗಲೂ ಇಲ್ಲ. "ಯಾರರ ಇರ್ಲಿ ಬಿಡ ಯವ್ವಾ. ಗುದ್ದಲಿ ಕೊಡು."

"ನಾನ ಹೇಳಿದ್ದೆ, ಮಾಯಕ್ಕಾ," ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಗುದ್ದಲಿಯನ್ನು ನನ್ನ ಕೈಗೇ ಕೊಟ್ಟಳು.

"ಹಂಗಾದ್ರ ಮೊದಲನೇ ತಗ್ಗು ನೀವ ತೋಡ್ರಿ, ಸಾಹೇಬ್ರ."