ಹೊಟ್ಟೆಯ ಬಾಗಿಲಲ್ಲಿ ನಿಲ್ಲುವ ಮಂತ್ರ

ಕಳೆದ ವಾರ ಬಸವನ ಬಾಗೇವಾಡಿಯಲ್ಲಿ ಬಸ್ ಬದಲಿಸಿ ಮುದ್ದೇಬಿಹಾಳಕ್ಕೆ ಹೋಗಿದ್ದೆ. ಅಲ್ಲಿನ ಕಾಲೇಜೊಂದರಲ್ಲಿ ನನ್ನ ಕಾದಂಬರಿಗಳ ಬಗ್ಗೆ ಮಾತಾಡಲು ಕರೆದಿದ್ದರು. ಬಸ್ ನಿಲ್ದಾಣದಲ್ಲಿ ಹತ್ತಿದ ಆಟೋ ಸ್ವಲ್ಪ ದೂರ ಹೋಗಿ ಒಂದು ಖಡಕ್ ರೊಟ್ಟಿ ಕೇಂದ್ರದ ಮುಂದೆ ನಿಂತಿತು. ಎದುರಿಗೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಅಡ್ಡ ಬಂದಿತ್ತು. ಕೇಂದ್ರದೊಳಗೆ ಯಾರದೋ ಹಂಚಿನ ಮೇಲೆ ಜೋಳದ ರೊಟ್ಟಿಯೊಂದು ಸೀದಿತ್ತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸಿಂದಗಿಯಲ್ಲಿ ನಮ್ಮ ಮನೆಯ ಗೋಡೆಯಾಚೆ ಇದ್ದ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ನೆನಪಾದರು. ಟ್ರ್ಯಾಕ್ಟರ್ ಸರಿದು ಆಟೋ ಮುಂದೆ ಹೋಯಿತು. ನಾನು ಮಾತ್ರ ಆ ಗೋಡೆಯ ಹತ್ತಿರವೇ ಉಳಿದೆ...

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಾಡುವ ಕೆಲಸ ಬಿಟ್ಟು ಮಾಂತ್ರಿಕರ ಕಥೆ ಬರೆಯುತ್ತೇನೆಂದು ಸ್ಟಾಫ್ ರೂಮಿನಲ್ಲಿ ಬಹಳ ನಕ್ಕಿದ್ದಾರೆ. ನಗಲಿ. ಕಪ್ಪು ಕಲ್ಲಿನ ಕೋಟೆಯಲ್ಲಿರುವ ಮಾಂತ್ರಿಕರಿಗೂ, ನಾಡನ್ನು ಆಳುವ ಒಂಬತ್ತು ದರ್ಬಾರುಗಳಿಗೂ ನಡೆಯುವ ಯುದ್ಧದ ಮೇಲೆ ಐದು ದಪ್ಪ ಪುಸ್ತಕಗಳನ್ನು ಬರೆದಿದ್ದೇನೆ. ಓದಿದವರು ಕುದುರೆ, ಕತ್ತಿ, ರಾಣಿ ಎಲ್ಲವನ್ನೂ ಮರೆತರೂ ಒಂದು ನಿಯಮವನ್ನು ಮರೆಯುವುದಿಲ್ಲ. ನನ್ನ ಮಾಂತ್ರಿಕರು ಬೆಟ್ಟ ಸೀಳಬಲ್ಲರು, ಮನುಷ್ಯನ ನೆರಳನ್ನು ಕಿತ್ತು ಗೋಡೆಗೆ ನೇತುಹಾಕಬಲ್ಲರು. ಆದರೆ ಒಂದು ಹಿಡಿ ಜೋಳವನ್ನು ಹುಟ್ಟಿಸಲಾರರು. ಮಂತ್ರ ಹೊಟ್ಟೆಯ ಬಾಗಿಲಲ್ಲಿ ನಿಲ್ಲುತ್ತದೆ. ಎಲ್ಲರೂ ಹೊಗಳುವ ಆ ನಿಯಮ ಖಾಲಾನದು. ಅದನ್ನು ಅವರು ಬದುಕಿರುವಾಗ ನಾಲ್ಕು ಜನರ ಮುಂದೆ ಹೇಳಬೇಕಿತ್ತು, ನಾನು ಹೇಳಲಿಲ್ಲ.

ಖಾಲಾ ಯಂಕಂಚಿಯಿಂದ ಸಿಂದಗಿಗೆ ಸೊಸೆಯಾಗಿ ಬಂದವರು. ಎರಡನೆಯ ಇಯತ್ತೆ ಮುಗಿಸಿ ಸಾಲೆ ಬಿಟ್ಟಿದ್ದರು, ಸಹಿ ಮಾಡುವಷ್ಟು ಅಕ್ಷರ ಬರುತ್ತಿತ್ತು. ಹಿತ್ತಲ ತಗಡಿನ ಕೆಳಗೆ ಎರಡು ಒಲೆ ಹೂಡಿ, ಒಂದು ಹಾಸ್ಟೆಲಿಗೆ ದಿನಾ ರೊಟ್ಟಿ ಮಾಡಿ ಕೊಡುತ್ತಿದ್ದರು. ನಾನು ಸಾಲೆ ಮುಗಿಸಿ ಬರುವ ಹೊತ್ತಿಗೆ ಅವರ ಹಿಟ್ಟು ಕಲಸಿ ಆಗಿರುತ್ತಿತ್ತು. ಒಂದು ದಿನ ಬೇಸರಕ್ಕೆ, ಬರೆದ ಹಾಳೆಗಳನ್ನು ಹಿಡಿದು ಅವರ ಒಲೆಯ ಹತ್ತಿರ ಮಣೆ ಹಾಕಿಕೊಂಡು ಓದತೊಡಗಿದೆ. ಅವರು ರೊಟ್ಟಿ ಬಡಿಯುತ್ತಲೇ ಕೇಳಿದರು. ಕುಂಟ ಮಾಂತ್ರಿಕ ನದಿಯ ಮೇಲೆ ಮಂಜು ಎಬ್ಬಿಸಿ ಮೂರು ದರ್ಬಾರುಗಳ ಸೈನ್ಯವನ್ನು ದಾರಿ ತಪ್ಪಿಸುವಾಗ ಬಡಿಯುವ ಸದ್ದು ನಿಂತಿತು. ತಲೆಯೆತ್ತಿ ನೋಡಿದರೆ ಅವರ ಕೈ ಹಿಟ್ಟಿನ ಮೇಲೆ ಸುಮ್ಮನಿತ್ತು, ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿತ್ತು. ನನಗೆ ಆವತ್ತು ಕೋಡು ಮೂಡಿದ್ದಂತೂ ನಿಜ. ಆಮೇಲೆ ದಿನವೂ ಹೋದೆ.

ಕೋಡು ಬಹಳ ದಿನ ಉಳಿಯಲಿಲ್ಲ. ಮೊದಲ ಪುಸ್ತಕದ ಕೊನೆಗೆ ದರ್ಬಾರುಗಳ ಸೈನ್ಯ ಮಾಂತ್ರಿಕರ ಕೋಟೆಗೆ ಮುತ್ತಿಗೆ ಹಾಕುತ್ತದೆ. ಆರು ತಿಂಗಳ ಮುತ್ತಿಗೆ. ಕತ್ತಿಗಳು ಹಾವಾಗುತ್ತವೆ, ಕಲ್ಲುಗಳು ಮಾತಾಡುತ್ತವೆ. ನನ್ನ ಪ್ರಕಾರ ಅದು ಪುಸ್ತಕದ ಅತ್ಯುತ್ತಮ ಅಧ್ಯಾಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾರಲ್ಲ, ಹಾಗೆ. ಓದಿ ಮುಗಿಸಿ ಹೊಗಳಿಕೆಗೆ ಕಾದು ಕೂತೆ. ಖಾಲಾ ಇನ್ನೊಂದು ಉಂಡೆಯನ್ನು ಹಿಟ್ಟಿಗೆ ಒತ್ತುತ್ತ ಕೇಳಿದರು.

“ಅಕ್ಕಾರ, ಆ ಕೋಟಿಯೊಳಗ ಎಷ್ಟ್ ಮಂದಿ ಅದಾರ್ರಿ?”

“ನಾಕ್ ಸಾವಿರ.”

“ಆರ್ ತಿಂಗಳ ಏನ್ ಉಂಡ್ರು?”

ನಾನು ನಕ್ಕೆ. ಅವರು ಮಾಂತ್ರಿಕರು, ಊಟವನ್ನೂ ಮಂತ್ರದಿಂದಲೇ ಮಾಡಿಕೊಳ್ಳುತ್ತಾರೆ ಎಂದೆ. ಖಾಲಾ ನಗಲಿಲ್ಲ. ನಾಲ್ಕು ಸಾವಿರ ಬಾಯಿಗೆ ದಿನಕ್ಕೆ ಎಷ್ಟು ಚೀಲ ಜೋಳ, ಬೀಸುವ ಕಲ್ಲು ಎಷ್ಟು, ಒಲೆ ಎಷ್ಟು, ಕಟ್ಟಿಗೆ ಎಷ್ಟು ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕುತ್ತಿದ್ದವರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಮಂತ್ರದಿಂದ ರೊಟ್ಟಿ ಆಗ್ತೈತಿ ಅಂದ್ರ ಅವ್ರು ಯುದ್ಧ ಯಾಕ್ ಮಾಡ್ತಾರ್ರಿ? ಹೊಲ ಬ್ಯಾಡ, ನೀರ ಬ್ಯಾಡ, ರಾಜ್ಯಾನೂ ಬ್ಯಾಡ. ದರ್ಬಾರದವ್ರನ್ನೂ ಒಳಗ ಕರದು, ಹೊಟ್ಟಿ ತುಂಬ ಉಣಿಸಿ ಕಳಿಸಿದ್ರ ಜಗಳ ಮುಗೀತು. ಮಂತ್ರಾ ಹೊಟ್ಟಿ ಬಾಗಲದಾಗ ನಿಲ್ಲಬೇಕ್ರಿ ಅಕ್ಕಾರ. ಅಂದ್ರನ ಇದು ಯುದ್ಧ.”

ನಾನು ಹಾಳೆ ಮಡಚಿಕೊಂಡು ಮನೆಗೆ ಬಂದೆ. ಮೊದಲು ಸಿಟ್ಟು ಬಂತು. ಊಟಕ್ಕೆ ಕೂತಾಗ ಸಿಟ್ಟು ಇಳಿಯಿತು, ಇಳಿದ ಮೇಲೆ ಮೈ ಜುಮ್ಮೆಂದಿತು. ನಾನು ಎರಡು ವರ್ಷ ಕಟ್ಟಿದ ಲೋಕಕ್ಕೆ ಬುಡವೇ ಇರಲಿಲ್ಲ, ಆ ಹೆಂಗಸು ಹತ್ತು ನಿಮಿಷದಲ್ಲಿ ಅದಕ್ಕೆ ಬುಡ ಕೊಟ್ಟಿದ್ದರು. ಬೆಟ್ಟ ಸೀಳುವ ಮಾಂತ್ರಿಕ ಜೋಳಕ್ಕಾಗಿ ಒಕ್ಕಲಿಗನ ಮನೆ ಬಾಗಿಲಿಗೆ ಬರಬೇಕು. ಹೊಲ ದರ್ಬಾರಿನ ಕೈಯಲ್ಲಿದೆ. ಹಾಗಾದರೆ ಒಂಬತ್ತು ದರ್ಬಾರುಗಳು ಹೆದರುವುದು ಯಾರಿಗೆ, ಮಾಂತ್ರಿಕರು ತಲೆಬಾಗುವುದು ಯಾರಿಗೆ... ಮುಂದಿನ ನಾಲ್ಕು ಪುಸ್ತಕಗಳು ಆವತ್ತು ಊಟದ ತಾಟಿನ ಮುಂದೆ ಸಾಲಾಗಿ ಬಂದು ನಿಂತವು. ಮೊದಲ ಪುಸ್ತಕವನ್ನು ಪೂರ್ತಿ ಹರಿದು ಹೊಸದಾಗಿ ಬರೆದೆ.

ಹೊಸ ಮುತ್ತಿಗೆಯ ಅಧ್ಯಾಯ ಬರೆಯುವಾಗ ರಂಜಾನ್ ತಿಂಗಳು. ಖಾಲಾ ರೋಜಾ ಇದ್ದರೂ ಹಾಸ್ಟೆಲಿನ ರೊಟ್ಟಿ ತಪ್ಪಿಸುತ್ತಿರಲಿಲ್ಲ. ಬಾಯಿಗೆ ನೀರೂ ಇಲ್ಲದೆ, ಎರಡು ಒಲೆಗಳ ನಡುವೆ ಕೂತು ಅವರು ಬೇರೆಯವರ ಊಟ ಬೇಯಿಸುವುದನ್ನು ನೋಡುತ್ತ ನಾನು ಕೇಳಬಾರದ್ದನ್ನು ಕೇಳಿದೆ: ಹಸಿವು ಹೇಗಿರುತ್ತದೆ? ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಮಧ್ಯಾಹ್ನದ ತನಕ ಹಸಿವಿ ಇರ್ತೈತ್ರಿ. ಆಮ್ಯಾಲ ಹಸಿವಿ ಹೋಗಿ ಸಿಟ್ಟ ಬರ್ತೈತಿ. ಸಿಟ್ಟೂ ಹೋದ ಮ್ಯಾಲ ಎಲ್ಲಾರ ಮಾತೂ ದೂರಿಂದ ಕೇಳಿದಂಗ ಆಗ್ತೈತಿ. ನಮಗ ಸಂಜೀಕ ರೋಜಾ ಬಿಡೂದೈತಿ ಅಂತ ಗೊತ್ತಿರ್ತೈತಿ. ನಿಮ್ಮ ಕೋಟಿ ಮಂದಿಗೆ ಅದು ಗೊತ್ತಿಲ್ಲಲ್ರಿ, ಪಾಪ.” ಆ ಮಾತನ್ನೂ ಬರೆದುಕೊಂಡೆ. ಕೋಟೆ ಬೀಳುವ ಅಧ್ಯಾಯದಲ್ಲಿ ಕಣ್ಣೀರು ಬಂತೆಂದು ಈಗಲೂ ಜನ ಫೋನ್ ಮಾಡುತ್ತಾರೆ.

ಅವರ ನೆನಪಿನ ಶಕ್ತಿ ನೆನೆದರೆ ಇಂದಿಗೂ ಬೆರಗಾಗುತ್ತದೆ. ಒಂಬತ್ತು ದರ್ಬಾರುಗಳ ಬೀಗತನ, ಯಾವ ರಾಣಿ ಯಾರ ಮನೆಯ ಮಗಳು, ಯಾವ ಮಾಂತ್ರಿಕನ ಯಾವ ಕಣ್ಣು ಹೋಗಿದೆ, ಎಲ್ಲ ಒಮ್ಮೆ ಕೇಳಿದರೆ ಸಾಕು. ನಾನು ಗೋಡೆಗೆ ನಕ್ಷೆ ಅಂಟಿಸಿಕೊಂಡೂ ತಪ್ಪುತ್ತಿದ್ದೆ. ಎರಡನೆಯ ಪುಸ್ತಕದಲ್ಲಿ ಕಿರಿಯ ರಾಣಿ ತನ್ನ ಕುದುರೆಯನ್ನು ಕೋಟೆಯೊಂದರ ನದಿ ಬಾಗಿಲಲ್ಲಿ ಕಟ್ಟಿ ಒಳಗೆ ಹೋದವಳು ಬೇರೆ ದಾರಿಯಿಂದ ಪಾರಾಗುತ್ತಾಳೆ. ಹತ್ತು ಅಧ್ಯಾಯ ದಾಟಿದ ಮೇಲೆ ಖಾಲಾ ಕೇಳಿದರು, “ಅಕ್ಕಾರ, ಆ ಕುದುರಿ ಬಿಚ್ಚೂದ ಮರ್ತೀರಿ. ಹುಲ್ಲ ನೀರ ಇಲ್ಲದ ನಿಂತೈತ್ರಿ ಅದು.” ಮರುದಿನ ಒಬ್ಬ ಅಗಸರವಳನ್ನು ಕಳಿಸಿ ಕುದುರೆ ಬಿಚ್ಚಿಸಿದೆ. ಆ ಅಗಸಗಿತ್ತಿಯೇ ಮೂರನೆಯ ಪುಸ್ತಕದಲ್ಲಿ ಯುದ್ಧದ ದಿಕ್ಕು ಬದಲಿಸಿದಳು. ರತ್ನದ ಸಿಂಹಾಸನವನ್ನು ಎರಡು ಪುಟ ವರ್ಣಿಸಿದಾಗ ಮಾತ್ರ, “ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವ,” ಎಂದು ನಕ್ಕುಬಿಟ್ಟರು. ಎರಡು ಪುಟವೂ ಹೋದವು.

ಮೂರು ಪುಸ್ತಕ ಬಂದ ಮೇಲೆ ಇಂಡಿಯಲ್ಲಿ ಒಂದು ಸನ್ಮಾನ ಇಟ್ಟುಕೊಂಡರು. ನಾನೇ ಒತ್ತಾಯ ಮಾಡಿ ಖಾಲಾನನ್ನು ಕರೆದೊಯ್ದೆ. ಹೊಸ ಬುರ್ಖಾ ತೊಟ್ಟು ಮೂರನೆಯ ಸಾಲಿನಲ್ಲಿ ಕೂತಿದ್ದರು. ಶಾಲು, ಹಾರ, ಫಲಪುಷ್ಪ ಎಲ್ಲ ಆಯಿತು. ಸಭಿಕರೊಬ್ಬರು ಎದ್ದು ನಿಂತು ಕೇಳಿದರು, “ಮಂತ್ರ ಹೊಟ್ಟಿ ಬಾಗಲದಾಗ ನಿಲ್ತೈತಿ ಅನ್ನೂದು ನಿಮಗ ಹೆಂಗ್ ಹೊಳೀತ್ರಿ ಮೇಡಂ?”

ಖಾಲಾನ ಕಡೆ ನೋಡಿದೆ. ಅವರ ಹೆಸರು ಹೇಳಬೇಕೆಂದೇ ಬಾಯಿ ತೆರೆದದ್ದು, ಆಣೆ ಮಾಡಿ ಹೇಳುತ್ತೇನೆ. ಆದರೆ ವೇದಿಕೆಯ ಮೇಲೆ ದೊಡ್ಡ ದೊಡ್ಡವರು ಕೂತಿದ್ದರು, ಹೆಗಲ ಮೇಲೆ ಶಾಲು ಇತ್ತು. ಬಾಯಿಂದ ಬಂದದ್ದೇ ಬೇರೆ. ನಾನು ವಿಜ್ಞಾನದ ಟೀಚರ್, ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು ಎಂಬ ನಿಯಮ ಪಾಠ ಮಾಡುವಾಗ ಇದು ಹೊಳೆಯಿತು ಎಂದುಬಿಟ್ಟೆ. ಜೋರು ಚಪ್ಪಾಳೆ ಬಿತ್ತು. ಖಾಲಾ ಕೂಡ ಚಪ್ಪಾಳೆ ತಟ್ಟಿದರು.

ಸಿಂದಗಿಗೆ ಮರಳುವ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ. ಅವರು ಬೈದರೆ ಕೇಳಲು ತಯಾರಿದ್ದೆ, ಬೈಯಲೆಂದೇ ಕಾಯುತ್ತಿದ್ದೆ. ಅರ್ಧ ದಾರಿಯಾದ ಮೇಲೆ ಅವರು ನನ್ನ ಮೊಣಕೈ ಮುಟ್ಟಿ, “ಶಕ್ತಿದು ಏನೋ ಒಂದ ನಿಯಮ ಅಂದ್ರಲ್ರಿ, ಅದನ್ನ ನನಗೊಂದಿಷ್ಟು ತಿಳಿಸಿ ಹೇಳ್ರಿ,” ಎಂದರು. ಹೇಳಿದೆ. ಕಟ್ಟಿಗೆಯ ಶಕ್ತಿ ಬೆಂಕಿಗೆ, ಬೆಂಕಿಯದು ಹಂಚಿಗೆ, ಹಂಚಿನದು ರೊಟ್ಟಿಗೆ, ರೊಟ್ಟಿಯದು ಮೈಗೆ. ಸಣ್ಣ ಹುಡುಗಿಯ ಹಾಗೆ ಕಣ್ಣು ಅರಳಿಸಿ ಕೇಳಿದರು. ಕೇಳಿ ಮುಗಿದ ಮೇಲೆ ಹೇಳಿದರು.

“ನಾ ಹೊಟ್ಟಿ ನೋಡಿ ಹೇಳಿದ್ದೆ. ನೀವು ಪುಸ್ತಕ ನೋಡಿ ಹೇಳಿದ್ರಿ. ಎರಡೂ ಒಂದ ಊರಿಗೆ ಬಂದ್ವು ನೋಡ್ರಿ.”

ಅದು ಕ್ಷಮೆಯೋ, ನಿಜವಾದ ಖುಷಿಯೋ, ಇಲ್ಲಾ ಮೆತ್ತಗೆ ಕೊಟ್ಟ ಏಟೋ... ನನಗೆ ಇಂದಿಗೂ ತಿಳಿದಿಲ್ಲ. ಆಗಲಾದರೂ ನಿಜ ಹೇಳಬಹುದಿತ್ತು. ನನಗೆ ಬಹಳ ನಾಚಿಕೆಯಾಗಿತ್ತು, ನಾಚಿಕೆಯಾದಾಗ ಬಾಯಿ ಬಿಡುವ ಸ್ವಭಾವ ನನ್ನದಲ್ಲ. ಮರುದಿನ ಸಂಜೆ ಹಾಳೆ ಹಿಡಿದು ಹೋದೆ, ಅವರು ಎಂದಿನಂತೆ ಮಣೆ ಹಾಕಿದರು.

ಕೊನೆಯ ಪುಸ್ತಕ ಬಿಡುಗಡೆಯಾಗುವ ದಿನ ವೇದಿಕೆಗೆ ಅವರನ್ನೇ ಕರೆದು ಎಲ್ಲ ಹೇಳುತ್ತೇನೆಂದು ಮನಸ್ಸಿನಲ್ಲೇ ಮಾತು ಕೊಟ್ಟುಕೊಂಡೆ. ಐದನೆಯದು ಅಚ್ಚಿಗೆ ಹೋಗುವ ಮುಂಚೆ ಖಾಲಾ ಮುಳವಾಡದಲ್ಲಿದ್ದ ಮಗಳ ಮನೆಗೆ ನಾಲ್ಕು ದಿನಕ್ಕೆಂದು ಹೋದರು. ಅಲ್ಲಿ ಎದೆನೋವು ಬಂತಂತೆ. ನಾನು ಪರೀಕ್ಷೆಯ ಹಾಲಿನಲ್ಲಿದ್ದೆ, ಫೋನ್ ಹೊರಗಿಟ್ಟಿದ್ದೆ. ಮುಳವಾಡ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಆಮೇಲಾದರೂ ಪುಸ್ತಕದ ಮುನ್ನುಡಿಯಲ್ಲಿ ಬರೆದೆನೇ? ಕೇಳಿ. ‘ಬರವಣಿಗೆಯ ದಿನಗಳಲ್ಲಿ ಸಹಕರಿಸಿದ ನೆರೆಹೊರೆಯವರಿಗೆ ಕೃತಜ್ಞತೆಗಳು’ ಎಂದು ಒಂದು ಸಾಲು ಗೀಚಿದೆ. ಆ ಹೊತ್ತಿಗೆ ನಿಯಮಕ್ಕೆ ನನ್ನ ಹೆಸರು ಅಂಟಿಕೊಂಡುಬಿಟ್ಟಿತ್ತು, ಕೀಳುವ ಧೈರ್ಯ ನನಗಿರಲಿಲ್ಲ. ಅವರಿದ್ದಾಗ ಹೇಳದ್ದನ್ನು ಈಗ ಹೇಳಿ ಯಾರಿಗೇನು ಎಂದು ಸಮಾಧಾನ ಮಾಡಿಕೊಂಡೆ. ಹೀಗೆ ಮೂರು ವರ್ಷ ಕಳೆದವು.

ಮುದ್ದೇಬಿಹಾಳದ ಕಾಲೇಜಿನಲ್ಲಿ ಮಾತು ಮುಗಿದ ಮೇಲೆ, ಮುಂದೆ ಕೂತಿದ್ದ ಒಬ್ಬ ವಿದ್ಯಾರ್ಥಿನಿ ಬರೆಯುವ ವಹಿ ತೆರೆದುಕೊಂಡು ಎದ್ದಳು. ಅದೇ ಪ್ರಶ್ನೆ. ಬಾಯಿ ಅಭ್ಯಾಸಬಲದಿಂದ ಶಕ್ತಿಯ ನಿಯಮದ ಕಡೆಗೇ ಹೊರಟಿತ್ತು, ತಡೆದೆ. ಇದು ನನಗೆ ಹೊಳೆದದ್ದಲ್ಲ, ಸಿಂದಗಿಯಲ್ಲಿ ನಮ್ಮ ಪಕ್ಕದ ಮನೆಯ ಖಾಲಾ ಕೊಟ್ಟದ್ದು ಎಂದೆ. ಮುತ್ತಿಗೆಯ ಜೋಳ, ಕೋಟೆಯ ಹಸಿವು, ನದಿ ಬಾಗಿಲ ಕುದುರೆ, ಇಂಡಿಯಲ್ಲಿ ನಾನು ಹೇಳಿದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹುಡುಗಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಬರೆದು ಮುಗಿಸಿ ಪೆನ್ ಎತ್ತಿ, ಬಹಳ ವಿನಯದಿಂದ ಕೇಳಿದಳು.

“ಮೇಡಂ, ಇದು ಅವರು ಬರದ ಯಾವ ಪುಸ್ತಕದಾಗ ಐತ್ರಿ? ನಾ ಓದ್ಬೇಕು.”

“ಐದೂ ಪುಸ್ತಕದಾಗ ಐತವ್ವಾ,” ಎಂದೆ. “ಮ್ಯಾಲಿನ ಹೆಸರು ಮಾತ್ರ ನಂದೈತಿ.”

ಅವಳು ಅದನ್ನೂ ಬರೆದುಕೊಂಡಳು. ಕೇಳಬೇಕಾದವರೊಬ್ಬರು ಆ ಸಭೆಯಲ್ಲಿ ಇರಲಿಲ್ಲ.